ಮಾವನ ಹಳದಿ ಚೀಟಿ ಮತ್ತು ಎರಡನೇ ಆಟಗಾರ

ಸೂಪರ್‌ಹೀರೋಗಳ ವಿಡಿಯೋ ಗೇಮ್ ತಯಾರಿಸುವ ಕಂಪನಿಗಳ ಮೇಲೆ ನನ್ನದೊಂದು ನೇರ ಆರೋಪವಿದೆ. ನೀವು ನಮ್ಮ ಮನೆಯ ಸೋಫಾದಿಂದ ಒಂದು ಜಾಗವನ್ನು ಕದ್ದಿದ್ದೀರಿ. ಒಂದು ಪೀಳಿಗೆಯ ಯಂತ್ರದಿಂದ ಇನ್ನೊಂದಕ್ಕೆ ದಾಟುವಾಗ, ನಾವೆಲ್ಲ ನಿಮ್ಮ ಹೊಸ ಚಿತ್ರಗಳ ಹೊಳಪಿಗೆ ಬಾಯಿ ತೆರೆದು ಕುಳಿತಿದ್ದ ಹೊತ್ತು ನೋಡಿ, ಹಾಡಹಗಲೇ ಕದ್ದಿದ್ದೀರಿ. ಕಳವಾದದ್ದು ಎರಡನೇ ಆಟಗಾರನ ಜಾಗ. ಸಾಕ್ಷಿ ನನ್ನ ಸೋದರಮಾವ.

ಸಾಕ್ಷಿಯ ಯೋಗ್ಯತೆಯ ಬಗ್ಗೆ ಮೊದಲೇ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ನನ್ನ ಮಾವ ಜೀವಮಾನದಲ್ಲಿ ಒಬ್ಬನೇ ಒಬ್ಬ ಖಳನಾಯಕನನ್ನೂ ಸ್ವಂತ ಕೈಯಿಂದ ಸೋಲಿಸಿದವರಲ್ಲ. ಆದರೂ ಈ ಮರಾಠಿ ನಾಡಿನ ನಮ್ಮ ಲೋಕಲ್ ರೈಲಿನ ಹಾದಿಯಲ್ಲಿ, ಕಲ್ಯಾಣದಿಂದ ಬೇಲಾಪುರದವರೆಗೆ, ಸೂಪರ್‌ಹೀರೋ ಆಟಗಳ ಗುಣದೋಷ ಹೇಳುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅದು ಹೇಗೆ ಎನ್ನುವಿರಾ? ಮಾವ ಇಪ್ಪತ್ತೈದು ವರ್ಷ ವಾಲ್ವುಗಳ ನಡುವೆ ಕಳೆದವರು. ಒಂದು ವಾಲ್ವನ್ನೂ ಅವರು ತಯಾರಿಸಿಲ್ಲ. ಅವರು ಅವುಗಳನ್ನು ಪಾಸು ಮಾಡುತ್ತಿದ್ದವರು.

ರಬಾಳೆಯ ಒಂದು ಕಾರ್ಖಾನೆಯಲ್ಲಿ ಅವರು ಕ್ವಾಲಿಟಿ ಇನ್‌ಸ್ಪೆಕ್ಟರ್. ಪಂಪಿಗೆ ಹಾಕುವ ವಾಲ್ವುಗಳು ಅವರ ಮೇಜನ್ನು ದಾಟದೆ ಗೇಟು ದಾಟುವಂತಿರಲಿಲ್ಲ. ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ, ಎಲ್ಲೋ ಒಂದು ಕಡೆ ಕೊರತೆಯಿದ್ದರೆ ಹಳದಿ. ಹಳದಿ ಎಂದರೆ ‘ಹೋಲ್ಡ್’: ಕೊರತೆ ಏನೆಂದು ಬರೆದು ದಾರದಿಂದ ಕಟ್ಟಿ, ಮಾಡಿದವನ ಉತ್ತರ ಬರುವ ತನಕ ಪಕ್ಕಕ್ಕಿಡುವುದು. ಪ್ರತಿ ಚೀಟಿಯ ಕೆಳಗೆ ಎರಡು ಸಹಿ ಬೇಕು. ನೋಡಿದವನದು ಒಂದು, ಮತ್ತೊಮ್ಮೆ ನೋಡಿದವನದು ಇನ್ನೊಂದು. ಒಂದೇ ಸಹಿಯ ಚೀಟಿ ರಬಾಳೆಯಲ್ಲಿ ಬರೀ ಕಾಗದ.

ಕಾರ್ಖಾನೆ ಹೊಸ ನಮೂನೆಯ ಚೀಟಿ ಅಚ್ಚುಹಾಕಿಸಿದಾಗ ಹಳೆಯ ಕಟ್ಟುಗಳನ್ನೆಲ್ಲ ಮಾವ ಡೊಂಬಿವಲಿಯ ತಮ್ಮ ಮನೆಗೆ ಹೊತ್ತು ತಂದರು. ಅಂದಿನಿಂದ ಅವರ ಮನೆಯಲ್ಲಿ ಚೀಟಿ ಕಟ್ಟಿಸಿಕೊಳ್ಳದ ವಸ್ತುವಿಲ್ಲ. ಎದುರು ಮನೆಯೇ ನಮ್ಮದಾದ್ದರಿಂದ ನಮ್ಮ ಕೊಡೆಗೂ ಒಂದು ಹಳದಿ ಬಂತು. ಒಂದು ಬೆಳಗ್ಗೆ ಇಡ್ಲಿಯ ತಟ್ಟೆಗೆ ಹಳದಿ ಚೀಟಿ ಕಟ್ಟಿ ‘ಹೋಲ್ಡ್. ಕಾರಣ: ಮಧ್ಯದಲ್ಲಿ ಬೆಂದಿಲ್ಲ’ ಎಂದು ಬರೆದರು. ಮಾವ ಹೊರಡುವಾಗ ಅತ್ತೆ ಅವರ ಬ್ಯಾಗಿನ ಹಿಂಬದಿಗೆ ಒಂದು ಕೆಂಪು ಚೀಟಿ ಕಟ್ಟಿ ಕಳಿಸಿದರು. ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಗಾಡಿ ಬದಲಿಸಿ ರಬಾಳೆ, ಅಷ್ಟು ದೂರವೂ ಆ ಚೀಟಿ ತೂಗಾಡುತ್ತ ಹೋಯಿತು. ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಅದನ್ನು ಓದಿ ಬಹಳ ಮರುಕದಿಂದ ಕೇಳಿದನಂತೆ: “ಸಾಹೇಬ್, ಆಪ್ ರಿಜೆಕ್ಟ್ ಹೋ ಗಯೇ ಕ್ಯಾ?”

ಮಾವ ಸಂಜೆ ಬಂದು ಅತ್ತೆಯ ಮುಂದೆ ಚೀಟಿ ಹಿಡಿದು ಹೇಳಿದ್ದು ಇಷ್ಟೇ: “ಇದರಲ್ಲಿ ಒಂದೇ ಸಹಿ ಉಂಟು. ನಡೆಯುದಿಲ್ಲ.”

ಇಂಥ ಮನುಷ್ಯನ ಕೈಗೆ ವಿಡಿಯೋ ಗೇಮ್ ಸಿಕ್ಕರೆ ಏನಾಗಬಹುದು?

ಮೊದಲ ಯಂತ್ರ ಬಂದದ್ದು ಈ ಶತಮಾನದ ಆರಂಭದ ವರ್ಷಗಳಲ್ಲಿ, ನನಗೆ ಎಂಟು ವರ್ಷವಾಗಿದ್ದಾಗ. ಮಾವನ ಮಗ, ನಾನು ಅಣ್ಣ ಎಂದೇ ಕರೆಯುವವನು, ಹಾಸ್ಟೆಲ್ ಸೇರಿದ್ದ. ಅವನಿಲ್ಲದ ಮನೆ ಮಾವನಿಗೆ ತೀರಾ ಸದ್ದಿಲ್ಲದ ಕಾರ್ಖಾನೆಯಂತೆ ಕಂಡಿರಬೇಕು. ಕಲ್ಯಾಣ ಸ್ಟೇಷನ್ನಿನ ಹೊರಗಿನ ಅಂಗಡಿಯಿಂದ ಒಂದು ಬೂದುಬಣ್ಣದ ಡಬ್ಬಿ, ಎರಡು ರಿಮೋಟು, ಡಬ್ಬಿಯ ನೆತ್ತಿಗೆ ತುರುಕುವ ಒಂದು ಕ್ಯಾಸೆಟ್ಟು ತಂದು ನನ್ನನ್ನು ಕರೆದರು. ಆ ಪೀಳಿಗೆಯ ಸೂಪರ್‌ಹೀರೋ ಎಂದರೆ ಹತ್ತಿಪ್ಪತ್ತು ಚೌಕಗಳ ಒಂದು ಗುಂಪು. ಕೆಂಪು ಚೌಕಗಳು ಮೇಲಂಗಿ, ನೀಲಿ ಚೌಕಗಳು ಕಾಲು, ಮುಖಕ್ಕೆ ಸಿಕ್ಕಿದ್ದು ಒಂದೇ ಚೌಕ; ಧೈರ್ಯ, ಕರುಣೆ, ಕೋಪ ಎಲ್ಲವನ್ನೂ ಅದೊಂದರಲ್ಲೇ ನಾವು ಕಲ್ಪಿಸಿಕೊಳ್ಳಬೇಕು. ಎರಡನೇ ಆಟಗಾರನೂ ಅವನೇ. ಮೇಲಂಗಿ ಮಾತ್ರ ಹಸಿರು.

ಆಟ ಶುರುವಾಯಿತು. ಖಳನಾಯಕ ಬಲಗಡೆಯಿಂದ ಬರುತ್ತಿದ್ದ. ಮಾವನ ಹೀರೋ ಒಂದು ಕಟ್ಟಡದ ಮುಂದೆ ನಿಂತು ಅದನ್ನು ಬುಡದಿಂದ ತುದಿಯವರೆಗೆ ನೋಡುತ್ತಿದ್ದ.

“ಮಾಮಾ, ಮಾರೋ ನಾ ಉಸಕೋ,” ಎಂದೆ.

“ನಿಲ್ಲು ಮಾರಾಯ್ತಿ. ಈ ಕಟ್ಟಡದ ಮೇಲೆ ಟಾಂಕಿ ಇಲ್ಲ.”

“ಕ್ಯಾ?”

“ನೀರಿನ ಟಾಂಕಿ. ಒಂದು ಕಟ್ಟಡಕ್ಕೂ ಇಲ್ಲ. ಇದು ಜನ ಇರುವ ಊರಲ್ಲ. ಇದನ್ನು ಉಳಿಸಿ ಎಂತ ಮಾಡುದು?”

ಬೆಳಗ್ಗೆ ಒಂದು ಗಂಟೆ ಮಾತ್ರ ನೀರು ಬರುವ ಹೌಸಿಂಗ್ ಸೊಸೈಟಿಯಲ್ಲಿ ಬದುಕಿದವರಿಗಷ್ಟೇ ಹೊಳೆಯುವ ಪ್ರಶ್ನೆ ಅದು. ಅಷ್ಟರಲ್ಲಿ ಖಳನಾಯಕ ಮಾವನನ್ನು ಮುಗಿಸಿದ್ದ. ಮಾವ ಶಾಂತವಾಗಿ ರಿಮೋಟು ಕೆಳಗಿಟ್ಟು ಹಸಿರು ಚೀಟಿ ತೆಗೆದುಕೊಂಡರು. ನನಗೆ ಆಶ್ಚರ್ಯ. ಮುಖವಿಲ್ಲದ ಹೀರೋ, ನೀರಿಲ್ಲದ ನಗರ, ಇದಕ್ಕೆ ಹಸಿರೇ?

“ಚಿತ್ರ ಕೆಟ್ಟದ್ದು. ಟಾಂಕಿ ಇಲ್ಲ. ಆದ್ರೆ ಇಬ್ಬರಿಗೆ ಜಾಗ ಉಂಟು,” ಎಂದು ಬರೆದು, ಸಹಿ ಮಾಡಿ, ಚೀಟಿಯನ್ನು ನನ್ನ ಕಡೆ ತಳ್ಳಿದರು. ಎರಡನೇ ಸಹಿ ನಾನು ಹಾಕಿದೆ. ನನ್ನ ಜೀವನದ ಮೊದಲ ಸಹಿ ಅದು, ದೇವನಾಗರಿಯಲ್ಲಿ.

ಯಾಕೆಂದರೆ ಆಗ ನನಗೆ ಕನ್ನಡ ಬರುತ್ತಿರಲಿಲ್ಲ. ಕೇಳಿದರೆ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಹೊರಬೀಳುತ್ತಿತ್ತು. ಅಮ್ಮ ಬೈದು ನೋಡಿದ್ದಳು, ಅಪ್ಪ ವರ್ಣಮಾಲೆಯ ಪುಸ್ತಕ ತಂದು ನೋಡಿದ್ದರು. ಮಾವ ಬೈಯಲೂ ಇಲ್ಲ, ಕಲಿಸಲೂ ಇಲ್ಲ. ಎರಡನೇ ಭಾನುವಾರ ನಾನು “ಮಾಮಾ, ಪೀಛೇ ದೇಖೋ, ಪೀಛೇ” ಎಂದು ಕಿರುಚುತ್ತಿದ್ದಂತೆಯೇ ಅವರ ಹೀರೋ ಹಿಂದಿನಿಂದ ಏಟು ತಿಂದು ಮಲಗಿದ.

“ಹೇಳಿದ್ದೆನಲ್ಲ,” ಎಂದು ಹಿಂದಿಯಲ್ಲೇ ಜಗಳ ತೆಗೆದೆ.

“ನೀನು ಹೇಳಿದ್ದು ಸರಿ. ಆದ್ರೆ ನೋಡು, ನನ್ನ ಕಿವಿಗೆ ಹಿಂದಿ ಬರ್ತದೆ, ಬೆರಳಿಗೆ ಬರುದಿಲ್ಲ. ಕಿವಿ ಅದನ್ನು ಕನ್ನಡ ಮಾಡಿ ಬೆರಳಿಗೆ ಕಳಿಸುವಾಗ ನಾನು ಸತ್ತಾಗಿರ್ತದೆ.”

ರಬಾಳೆಯಲ್ಲಿ ದಿನವಿಡೀ ಮರಾಠಿ, ಹಿಂದಿಯಲ್ಲೇ ವಾಲ್ವು ತಿರಸ್ಕರಿಸುತ್ತಿದ್ದ ಮನುಷ್ಯನ ಬೆರಳುಗಳು ಮನೆಗೆ ಬಂದೊಡನೆ ಉಡುಪಿಯ ಕಡೆಯವಾಗಿಬಿಡುತ್ತವೆಯೇ? ಆ ವಯಸ್ಸಿನಲ್ಲಿ ನನಗೆ ಸಂಶಯ ಬರಲಿಲ್ಲ. ಸಂಗಾತಿ ಸಾಯುತ್ತಿದ್ದರೆ ಭಾಷೆಯ ಬಗ್ಗೆ ವಾದಿಸುವವರು ಯಾರು? ಮುಂದಿನ ಸಲ ಖಳನಾಯಕ ಬಂದಾಗ ನನ್ನ ಬಾಯಿಂದ ಮೊದಲ ಪೂರ್ಣ ಕನ್ನಡ ವಾಕ್ಯ ಹೊರಬಂತು: “ಮಾವ, ಹಿಂದೆ ನೋಡಿ.”

ಮಾವ ಹಿಂದೆ ನೋಡಿದರು. ಬದುಕಿದರು. ಆಮೇಲೆ ಟಾಂಕಿ ಹುಡುಕಲು ಹೋಗಿ ಗುಂಡಿಗೆ ಬಿದ್ದು ಸತ್ತರು. ಅದು ಬೇರೆ ವಿಷಯ.

ಹೀಗೆ ನನ್ನ ಕನ್ನಡ ಬೆಳೆಯಿತು. ಆದರೆ ಒಂದೇ ದಿಕ್ಕಿಗೆ. ಎಡಕ್ಕೆ, ಬಲಕ್ಕೆ, ಬಗ್ಗಿ, ಹಾರಿ, ಬಂದ ಬಂದ, ಬಿಡಬೇಡಿ. ಹತ್ತು ವರ್ಷದವಳಾದಾಗ ಯುದ್ಧಭೂಮಿಯಲ್ಲಿ ಸೇನೆ ನಡೆಸುವಷ್ಟು ಕನ್ನಡ ನನ್ನಲ್ಲಿತ್ತು. “ಚೆನ್ನಾಗಿದ್ದೀರಾ” ಎಂದು ಕೇಳುವಷ್ಟು ಇರಲಿಲ್ಲ. ಕನ್ನಡ ಬಳಗವೊಂದರ ಕಾರ್ಯಕ್ರಮದಲ್ಲಿ ಊಟದ ಪಂಕ್ತಿಯ ಅಂಚಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ನನ್ನ ಗಲ್ಲ ಹಿಡಿದು, “ನಿನಗೆ ಕನ್ನಡ ಬರ್ತದಾ ಮಗಾ?” ಎಂದು ಕೇಳಿದರು. ಅವರ ಬೆನ್ನ ಹಿಂದೆ ಬಿಸಿ ಸಾರಿನ ಬಕೆಟ್ಟು ಹಿಡಿದ ಒಬ್ಬರು ಕಾಲು ಜಾರಿ ತೂರಾಡುತ್ತ ಬರುತ್ತಿದ್ದರು. ನಾನು ಹೇಳಿದೆ: “ಬಂದ. ಬಗ್ಗಿ. ಎಡಕ್ಕೆ ಹಾರಿ.” ಅಜ್ಜಿ ಹಾರಲಿಲ್ಲ, ಬಗ್ಗಿದರು. ಸಾರು ಅವರ ತಲೆಯ ಮೇಲಿಂದ ಹಾದು ಗೋಡೆಗೆ ಬಿತ್ತು. ಮನುಷ್ಯರ ಪ್ರಾಣ ಉಳಿಸಿದ ದಾಖಲೆ ಈ ಪ್ರಬಂಧದಲ್ಲಿ ಯಾವ ಸೂಪರ್‌ಹೀರೋನದ್ದಾದರೂ ಇದ್ದರೆ ಅದು ಅದೊಂದೇ.

ಎರಡನೇ ಪೀಳಿಗೆಯ ಯಂತ್ರ ಕಪ್ಪು ಬಣ್ಣದ್ದು, ಸಿ.ಡಿ. ನುಂಗುವಂಥದ್ದು. ಇಲ್ಲಿ ಹೀರೋನಿಗೆ ಮುಖ ಬಂತು, ಹಾರಲು ಆಕಾಶ ಬಂತು. ನಗರಕ್ಕೆ ಮಾತ್ರ ದಟ್ಟ ಮಂಜು. ನಾಲ್ಕು ಕಟ್ಟಡದಾಚೆ ಏನೂ ಕಾಣದು. ಯಂತ್ರಕ್ಕೆ ಇಡೀ ನಗರ ಬಿಡಿಸುವ ತಾಕತ್ತಿಲ್ಲದ್ದರಿಂದ ಕಂಪನಿಗಳು ಮಂಜು ಹಾಕಿ ಮುಚ್ಚಿದ್ದವು. ಹೊಣೆ ತಪ್ಪಿಸಿಕೊಳ್ಳುವ ಈ ವಿದ್ಯೆ ಆಗಲೇ ಇವರಿಗೆ ಕರಗತವಾಗಿತ್ತು ಎಂಬುದನ್ನು ಓದುಗರು ಗಮನಿಸಬೇಕು. ಮಾವ ಮಂಜನ್ನು ಮನ್ನಿಸಿದರು. “ಪಾಪ, ಆಗದಿದ್ದದ್ದನ್ನು ಮುಚ್ಚಿದ್ದಾರೆ. ನಾವು ವಾಲ್ವಿಗೆ ಬಣ್ಣ ಬಳಿಯುದಿಲ್ವಾ?” ಟಿ.ವಿ.ಯ ಪರದೆ ನಡುವೆ ಗೆರೆ ಎಳೆದು ಮೇಲಿನ ಅರ್ಧ ನನಗೆ, ಕೆಳಗಿನ ಅರ್ಧ ಅವರಿಗೆ ಕೊಟ್ಟಿದ್ದನ್ನಂತೂ ಬಹಳ ಮೆಚ್ಚಿಕೊಂಡರು. ನನ್ನ ಹೀರೋ ಒಬ್ಬ ದೈತ್ಯನ ಮೇಲೆ ಕಾರೊಂದನ್ನು ಎತ್ತಿ ಎಸೆದಾಗ ಮಾತ್ರ ಆಟ ನಿಲ್ಲಿಸಿದರು.

“ಯಾರದ್ದು ಅದು ಕಾರು?”

“ಗೊತ್ತಿಲ್ಲ ಮಾವ.”

“ಗೊತ್ತಿಲ್ಲದವರ ಕಾರು ಎಸೆಯುದಾ? ನಾಳೆ ಬೆಳಗ್ಗೆ ಅವನು ಡ್ಯೂಟಿಗೆ ಹೇಗೆ ಹೋಗುದು?”

ಆ ದಿನದಿಂದ ನಾವು ಕಾರು ಎಸೆಯಲಿಲ್ಲ. ಕಾರು ಎಸೆಯದೆ ಆ ದೈತ್ಯನನ್ನು ಸೋಲಿಸಲು ಬರುವುದಿಲ್ಲ. ಹೀಗಾಗಿ ಎರಡು ವರ್ಷ ಅದೇ ದೈತ್ಯನ ಕೈಯಲ್ಲಿ ಪ್ರತಿ ಭಾನುವಾರ ಒಟ್ಟಿಗೆ ಸತ್ತೆವು. ಅಷ್ಟು ಸಂತೋಷವಾಗಿ ಸತ್ತವರು ಬೇರೆ ಯಾರೂ ಇರಲಾರರು.

ಮೂರನೇ ಪೀಳಿಗೆಯ ಹೊತ್ತಿಗೆ ನಾನು ಕಾಲೇಜಿನಲ್ಲಿದ್ದೆ. ಮಂಜು ಸರಿಯಿತು, ಇಡೀ ನಗರ ಕಂಡಿತು. ಕಟ್ಟಡಗಳ ನೆತ್ತಿಯಲ್ಲಿ, ಕೊನೆಗೂ, ನೀರಿನ ಟಾಂಕಿಗಳು! ಮಾವ ಒಂದು ಟಾಂಕಿಯ ಪಕ್ಕ ಹೀರೋನನ್ನು ನಿಲ್ಲಿಸಿ ಅತ್ತೆಯನ್ನು ಅಡುಗೆಮನೆಯಿಂದ ಕರೆದು ತೋರಿಸಿದರು. ಅಲ್ಲಿ ಎತ್ತರದ ಹಳಿಯ ಮೇಲೆ ರೈಲೂ ಓಡುತ್ತಿತ್ತು. ಹಾರಬಲ್ಲ, ಬೆಟ್ಟ ಎತ್ತಬಲ್ಲ ಆ ಮಹಾಪುರುಷನನ್ನು ಮಾವ ಪ್ಲಾಟ್‌ಫಾರ್ಮಿನಲ್ಲಿ ಇಪ್ಪತ್ತು ನಿಮಿಷ ಕಾಯಿಸಿದರು. ಆರು ಗಾಡಿ ಬಂದವು, ಒಂದೂ ನಿಲ್ಲಲಿಲ್ಲ.

“ಮಾವ, ಅದು ನಿಲ್ಲುವುದಿಲ್ಲ. ಬರೀ ಚಿತ್ರ.”

“ಫಾಸ್ಟ್ ಲೋಕಲ್ ಇರ್ಬೇಕು, ಇಲ್ಲಿ ನಿಲ್ಲುದಿಲ್ಲ. ಸ್ಲೋ ಬರ್ತದೆ, ತಡಿ.”

ಆದರೆ ಎರಡನೇ ರಿಮೋಟು ಈಗ ಡಬ್ಬಿಯೊಳಗೆ ಬರಲಿಲ್ಲ, ಬೇರೆ ತರಬೇಕಾಯಿತು. ತಂದರೂ ಎಲ್ಲ ಆಟದಲ್ಲಿ ಅದಕ್ಕೆ ಕೆಲಸವಿಲ್ಲ. ಕೆಲವುಗಳಲ್ಲಿ ಎರಡನೆಯವನು ಒಂದು ಕೋಣೆಗೆ ಬಂದು ಎರಡು ಗುದ್ದು ಗುದ್ದಿ ಹೋಗಬೇಕು, ನೆಂಟನ ಹಾಗೆ. ಕಂಪನಿಗಳೇ, ನೀವು ಎರಡನೇ ಆಟಗಾರನನ್ನು ಮೊದಲು ಮನೆಯಿಂದ ಜಗಲಿಗೆ ತಂದಿರಿ, ಆಮೇಲೆ ಜಗಲಿಯಿಂದ ಬೀದಿಗೆ. ಹಸಿರು ಚೀಟಿಯ ಬದಲು ಅಂದು ಹಳದಿ ಬಂತು. ನಾನು ಕನ್ನಡದಲ್ಲಿ ಸಹಿ ಹಾಕಿದೆ; ಅಪ್ಪ ತಂದಿದ್ದ ವರ್ಣಮಾಲೆಯ ಪುಸ್ತಕ ಕೊನೆಗೂ ಕೆಲಸಕ್ಕೆ ಬಂದಿತ್ತು. ಆ ವೇಳೆಗೆ ಕನ್ನಡ ಎಂ.ಎ. ಮಾಡುವ ನಿರ್ಧಾರ ಗಟ್ಟಿಯಾಗಿತ್ತು. ಪ್ರವೇಶ ಸಂದರ್ಶನದಲ್ಲಿ ಪ್ರಾಧ್ಯಾಪಕರು, “ಇಲ್ಲೇ ಹುಟ್ಟಿ ಬೆಳೆದ ನೀವು ಕನ್ನಡವನ್ನು ಎಲ್ಲಿ ಕಲಿತಿರಿ?” ಎಂದಾಗ ನಿಜ ಹೇಳುವ ಧೈರ್ಯ ಬರಲಿಲ್ಲ.

ಈಗ ನಾಲ್ಕನೇ ಪೀಳಿಗೆ, ಅಂದರೆ ಅಪರಾಧ ನಡೆದ ಸ್ಥಳ.

ಮಾವ ನಿವೃತ್ತರಾದರು. ಅಣ್ಣ ಬೇಲಾಪುರದಲ್ಲಿ ಮನೆ ಮಾಡಿದ್ದ. ಅವನಿಗೆ ಏಳು ವರ್ಷದ ಮಗಳು. ಅಜ್ಜನ ಮಾತೆಲ್ಲ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ. ಮಾವ ಇದನ್ನು ಕಂಡು ಚಿಂತಿಸಲಿಲ್ಲ. “ಒಂದು ವಿಡಿಯೋ ಗೇಮ್ ತಾ. ರಿಮೋಟು ಎರಡು,” ಎಂದು ಮಗನಿಗೆ ಹೇಳಿದರು, ಅಷ್ಟೇ. ಆ ಶನಿವಾರ ಚೀಟಿಯ ಕಟ್ಟು ಜೇಬಿನಲ್ಲಿಟ್ಟುಕೊಂಡು, ನನ್ನನ್ನೂ ಎಳೆದುಕೊಂಡು, ಥಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರಕ್ಕೆ ಹೋದರು. ದಾರಿಯಲ್ಲಿ ರಬಾಳೆ ಬಂದಾಗ ಅಭ್ಯಾಸಬಲದಿಂದ ಎದ್ದು ನಿಂತು, ಮತ್ತೆ ಕುಳಿತರು.

ಅಣ್ಣ ತಂದಿದ್ದ ಆ ಆಟದ ಬಗ್ಗೆ ಏನು ಹೇಳಲಿ? ಟಾಂಕಿಗೆ ತುಕ್ಕು ಹಿಡಿದಿತ್ತು. ಮಳೆ ನಿಂತ ಮೇಲೆ ರಸ್ತೆಯ ನೀರಿನಲ್ಲಿ ಅಂಗಡಿಯ ಬೋರ್ಡು ತಲೆಕೆಳಗಾಗಿ ಕಾಣುತ್ತಿತ್ತು. ಫುಟ್‌ಪಾತಿನಲ್ಲಿ ಒಬ್ಬ ನಿಂತು ತಿಂಡಿ ತಿನ್ನುತ್ತಿದ್ದ, ಇನ್ನೊಬ್ಬಳು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳು. ಮಾವ ಒಂದು ಗಂಟೆ ಪರೀಕ್ಷಿಸಿ ಒಂದೂ ತಪ್ಪು ಹಿಡಿಯಲಾಗದೆ ಹಸಿರು ಚೀಟಿ ಹೊರತೆಗೆದರು. ಆಮೇಲೆ ಎರಡನೇ ರಿಮೋಟು ಕೈಗೆತ್ತಿಕೊಂಡು ಗುಂಡಿ ಒತ್ತಿದರು. ಅದರ ದೀಪ ಹತ್ತಿತು. ಪರದೆಯಲ್ಲಿ ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಚಾರ್ಜಿಲ್ಲವೆಂದು ಚಾರ್ಜಿಗಿಟ್ಟು ಬಂದು ಒತ್ತಿದರು.

“ಅಪ್ಪಾ, ಅದು ಸಿಂಗಲ್ ಪ್ಲೇಯರ್,” ಎಂದ ಅಣ್ಣ.

“ಅಂದ್ರೆ?”

“ಒಬ್ರೇ ಆಡುದು.”

“ಮತ್ತೆ ಇನ್ನೊಬ್ರು?”

“ನೋಡುದು.”

ಮಾವ ಪರದೆಯತ್ತ ತಿರುಗಿದರು. ಸಂಜೆಯ ಬಿಸಿಲಿನಲ್ಲಿ ಸಾವಿರಾರು ಜನ ರಸ್ತೆ ದಾಟುತ್ತಿದ್ದರು. “ಇಷ್ಟು ಜನಕ್ಕೆ ಜಾಗ ಮಾಡಿದ್ದಾರೆ,” ಎಂದರು. “ಒಬ್ಬ ಮುದುಕನಿಗೆ ಜಾಗ ಇಲ್ವಾ?”

ಹಸಿರು ಚೀಟಿ ಜೇಬಿಗೆ ಹೋಯಿತು. ಮುಂದಿನ ಶನಿವಾರ ಅವರು ಹಳೆಯ ಕಪ್ಪು ಯಂತ್ರವನ್ನೇ ಅಕ್ಕಿಯ ಚೀಲದಲ್ಲಿ ತುಂಬಿಕೊಂಡು ಬಂದರು. ಅದರ ತಂತಿಯ ತುದಿಯಲ್ಲಿ ಕೆಂಪು, ಬಿಳಿ, ಹಳದಿ, ಮೂರು ಪಿನ್ನು. ಅಣ್ಣನ ಹೊಸ ಟಿ.ವಿ. ಗೋಡೆಗೆ ಅಂಟಿದ್ದ ತೆಳ್ಳನೆಯ ಹಲಗೆ. ಮೂರು ಪಿನ್ನಿಗೆ ಅದರಲ್ಲಿ ಒಂದು ತೂತೂ ಇಲ್ಲ. ಮಾವ ಗೋಡೆಗೆ ಕೆನ್ನೆ ಒತ್ತಿ, ಟಾರ್ಚು ಹಿಡಿದು ಹುಡುಕಿ, ಬೆವರಿ ಬಂದು ಕುಳಿತರು. ಮಡಿಲಲ್ಲಿ ತಂತಿಯ ಸುರುಳಿ.

ಮೊಮ್ಮಗಳು ಆಟ ನಿಲ್ಲಿಸಿ ತಿರುಗಿದಳು. “ಅಜ್ಜಾ, ಆಪ್ ಕೋ ಖೇಲನಾ ಹೈ? ಲೋ, ಆಪ್ ಖೇಲೋ.”

“ನಾನು ಮಾತ್ರ ಅಲ್ಲ ಪುಟ್ಟಿ. ನಿನ್ನೊಟ್ಟಿಗೆ.”

ಅವಳು ಕೊಟ್ಟ ರಿಮೋಟನ್ನು ಮಾವ ಸುಮ್ಮನೆ ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು. ಆಮೇಲೆ ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ತಂದು, ವಾಲ್ವು ನೋಡುವ ಹಾಗೆ ನೋಡಿದರು. ನನಗೆ ಆ ನೋಟ ಗೊತ್ತು. “ಇದು ಒಂದು ಪೀಸಲ್ಲ,” ಎಂದರು. “ಎಡದಲ್ಲಿ ನಡೆಯುದು, ಬಲದಲ್ಲಿ ಹೊಡೆಯುದು. ಎರಡು ಪೀಸು ಸೇರಿಸಿ ಒಂದು ಅಂತ ಮಾರಿದ್ದಾರೆ. ಬಾ ಇಲ್ಲಿ.”

ಒಂದೇ ರಿಮೋಟಿನ ಎಡ ಕೊಂಬು ಅಜ್ಜನ ಕೈಯಲ್ಲಿ, ಬಲ ಕೊಂಬು ಮೊಮ್ಮಗಳ ಕೈಯಲ್ಲಿ. ಭುಜಕ್ಕೆ ಭುಜ ಒತ್ತದೆ ಹಿಡಿಯಲು ಬರುವುದಿಲ್ಲ. ಜಗತ್ತಿನ ಅತಿ ಬಲಶಾಲಿ ಹೀರೋ ನೇರ ಹೋಗಿ ಗೋಡೆಗೆ ಡಿಕ್ಕಿ ಹೊಡೆದ. ಸುತ್ತ ಯಾರೂ ಇಲ್ಲದಾಗ ಗಾಳಿಗೆ ಗುದ್ದಿದ. ಛಾವಣಿಯಿಂದ ಬಿದ್ದ.

“ಅಜ್ಜಾ, ಲೆಫ್ಟ್! ಲೆಫ್ಟ್ ಜಾವೋ ನಾ!”

“ಬೆರಳಿಗೆ ಅದು ಬರುದಿಲ್ಲ ಪುಟ್ಟಿ,” ಎಂದರು ಮಾವ, ಪರದೆಯಿಂದ ಕಣ್ಣು ತೆಗೆಯದೆ.

ಅವಳು ನನ್ನತ್ತ ತಿರುಗಿದಳು. “ಆತ್ಯಾ, ಜಲ್ದೀ ಬೋಲೋ, ಲೆಫ್ಟ್ ಕೋ ಕನ್ನಡಾ ಮೆಂ ಕ್ಯಾ ಬೋಲತೇ ಹೈಂ?”

ಹೇಳಿದೆ. ಹಿಂದೆ ನೋಡು ಎನ್ನುವುದಕ್ಕೂ ಹೇಳಿದೆ, ಕೇಳದಿದ್ದರೂ.

“ಅಜ್ಜಾ, ಎಡಕ್ಕೆ. ಎಡಕ್ಕೆ. ಅಜ್ಜಾ, ಹಿಂದೆ ನೋಡಿ.”

ಮಾವ ಹಿಂದೆ ನೋಡಿದರು. ಅವಳು ಗುದ್ದಿದಳು. ಪರ್ಸು ಕದ್ದು ಓಡುತ್ತಿದ್ದ ಒಬ್ಬ ಚಿಲ್ಲರೆ ಕಳ್ಳ ಫುಟ್‌ಪಾತಿನ ಮೇಲೆ ಮಲಗಿದ. ಮಾವ ಖಳನಾಯಕನೊಬ್ಬನನ್ನು ಸ್ವಂತ ಕೈಯಿಂದ ಸೋಲಿಸಿದವರಲ್ಲ ಎಂದು ಆರಂಭದಲ್ಲಿ ಬರೆದೆ. ಆ ಮಾತು ಈಗಲೂ ನಿಜ. ಅವರದು ಅರ್ಧ ಕೈ ಮಾತ್ರ.

ಆಟ ಮುಗಿಸಿ ಯಂತ್ರಕ್ಕೆ ಹಳದಿ ಚೀಟಿ ಕಟ್ಟಿದರು. ‘ಹೋಲ್ಡ್. ಕಾರಣ: ಎರಡನೇ ಆಟಗಾರನಿಗೆ ಜಾಗವಿಲ್ಲ. ತಾತ್ಕಾಲಿಕ ಏರ್ಪಾಡು: ಅರ್ಧ ಅರ್ಧ.’ ಸಹಿ ಹಾಕಿದರು. ಅಭ್ಯಾಸದಂತೆ ನಾನು ಪೆನ್ನಿಗೆ ಕೈ ಚಾಚಿದೆ. ಮಾವ ಅದನ್ನು ಮೊಮ್ಮಗಳ ಕೈಗೆ ಕೊಟ್ಟಿದ್ದರು. ಅವಳು ನಾಲಿಗೆ ಕಚ್ಚಿಕೊಂಡು, ದೇವನಾಗರಿಯಲ್ಲಿ, ಚೀಟಿಯ ಅಂಚು ದಾಟಿ ಹೋಗುವಷ್ಟು ದೊಡ್ಡದಾಗಿ ಹೆಸರು ಬರೆದಳು. ಇಷ್ಟು ವರ್ಷ ನನ್ನದಾಗಿದ್ದ ಜಾಗ ಅದು. ಚಾಚಿದ್ದ ಕೈಯಿಂದ ಅವಳ ಬೆನ್ನು ತಟ್ಟಿದೆ. ಜಾಗ ಹೋಗಿರಲಿಲ್ಲ, ಇನ್ನೂ ಉಳಿದಿತ್ತು.

“ನಿನಗೆ ಬೇರೆ ಕೆಲಸ ಉಂಟು,” ಎಂದರು ಮಾವ. “ಚೀಟಿ ಕಟ್ಟಿದ ಮೇಲೆ ಮಾಡಿದವನಿಗೆ ತಿಳಿಸ್ಬೇಕು. ಎಂ.ಎ. ಮಾಡಿದ್ದು ಎಂತಕ್ಕೆ? ಬರಿ.”

ಆದ್ದರಿಂದ, ಸಂಬಂಧಪಟ್ಟ ಸಮಸ್ತ ಕಂಪನಿಗಳಲ್ಲಿ ವಿಧಿವತ್ತಾದ ಕೋರಿಕೆ: ಎರಡನೇ ಆಟಗಾರನ ಜಾಗವನ್ನು ಯಾವ ಕಾರಣಕ್ಕೆ, ಯಾರನ್ನು ಕೇಳಿ ತೆಗೆದಿರಿ ಎಂಬುದಕ್ಕೆ ಸ್ಪಷ್ಟ ಉತ್ತರ ನೀಡತಕ್ಕದ್ದು. ಮುಂದಿನ ಪೀಳಿಗೆಯ ಯಂತ್ರದಲ್ಲಿ ಆ ಜಾಗವನ್ನು ಮರಳಿಸತಕ್ಕದ್ದು. ಎರಡನೇ ರಿಮೋಟು ಒತ್ತಿದಾಗ ಪರದೆಯಲ್ಲಿ ಯಾರಾದರೂ ಒಬ್ಬರು ಬಂದು ನಿಲ್ಲಬೇಕು. ಅವರಿಗೆ ಹಾರಲು ಬರಬೇಕಿಲ್ಲ, ಕಾರು ಎತ್ತಲು ಬರಬೇಕಿಲ್ಲ. ಟಾಂಕಿಯ ಪಕ್ಕ ನಿಂತು ಮೊದಲನೆಯವರ ಜೊತೆ ನಾಲ್ಕು ಹೆಜ್ಜೆ ನಡೆಯಲು ಬಂದರೆ ಸಾಕು. ಅಲ್ಲಿಯವರೆಗೆ ಬೇಲಾಪುರದ ಆ ಯಂತ್ರದ ಹಳದಿ ಚೀಟಿಯನ್ನು ಬಿಚ್ಚಲಾಗದು. ಅದರ ಮೇಲೆ ಎರಡು ಸಹಿಗಳಿವೆ.

ಉತ್ತರವನ್ನು ಕನ್ನಡದಲ್ಲಿಯೇ ಕಳುಹಿಸಬೇಕಾಗಿ ವಿನಂತಿ. ತೆರೆದು ಓದುವವರು ಮಾವ. ಅವರ ಬೆರಳಿಗೆ ಬೇರೆ ಭಾಷೆ ಬರುವುದಿಲ್ಲ.